ಎತ್ತಿಗೆ ಒಪ್ಪುವ ಬಣ್ಣ

ಬೋರೇಗೌಡರ ಪ್ರಕಾರ ಲೋಕದಲ್ಲಿ ಇದ್ದದ್ದು ಎರಡೇ ಬಣ್ಣ. ಒಂದು ಎತ್ತಿಗೆ ಒಪ್ಪುವುದು, ಇನ್ನೊಂದು ಒಪ್ಪದಿರುವುದು. ಹೆಂಡತಿಯ ಸೀರೆ, ಹೊಸ ಬಸ್ಸು, ಪಂಚಾಯ್ತಿ ಆಫೀಸಿನ ಗೋಡೆ, ಏನೇ ತೋರಿಸಿ, ಎಡಗಣ್ಣು ಮುಚ್ಚಿ ಕತ್ತು ಓರೆ ಮಾಡಿ, ಪಕ್ಕದಲ್ಲಿ ತಮ್ಮ ಹಳ್ಳಿಕಾರ್ ಎತ್ತು ನಿಂತಿದೆ ಅಂದುಕೊಂಡು ಅಳೆಯುತ್ತಿದ್ದರು. ಆಮೇಲೆ ತೀರ್ಪು: "ಒಪ್ಪಾಕಿಲ್ಲ ಕಣ್ಲಾ."

ಇಂಥವರ ಕೊಟ್ಟಿಗೆಯಲ್ಲಿ ಒಂದು ಸ್ಪೋರ್ಟ್ಸ್ ಕಾರಿತ್ತು ಅಂದರೆ ನಂಬಬೇಕು. ಇಂಗ್ಲೆಂಡಿನದು. ತಲೆಯ ಮೇಲೆ ಸೂರಿಲ್ಲ, ಎರಡೇ ಸೀಟು, ಉದ್ದ ಮೂತಿ. ಶ್ರೀರಂಗಪಟ್ಟಣದ ಹತ್ತಿರ ಇವರು ಹುಲ್ಲು ಹಾಕುತ್ತಿದ್ದ ಬಂಗಲೆಯ ಯಜಮಾನರು ಊರು ಬಿಡುವಾಗ ದಾನ ಕೊಟ್ಟದ್ದು. ಬೋರೇಗೌಡರು, ಅವರ ತಮ್ಮ ನಿಂಗೇಗೌಡರು ಸೇರಿ ಜೋಡಿ ಎತ್ತು ಕಟ್ಟಿ ಅದನ್ನು ಚಿನಕುರಳಿಯವರೆಗೂ ಎಳೆಸಿಕೊಂಡು ಬಂದಿದ್ದರು. ಅಂದಿನಿಂದ ಅದರಲ್ಲಿ ಕೋಳಿ ಕಾವಿಗೆ ಕೂರುತ್ತಿತ್ತು.

ಆಮೇಲೆ ಮನೆ ಪಾಲಾಯಿತು. ನಡುವೆ ಗೋಡೆ ಎದ್ದಿತು. ಎತ್ತುಗಳೂ ಪಾಲಾದವು, ಅಣ್ಣನಿಗೊಂದು, ತಮ್ಮನಿಗೊಂದು. ಒಂಟಿ ಎತ್ತಿನಲ್ಲಿ ಉಳುವುದು ಹೇಗೆ? ಇಬ್ಬರೂ ಟ್ರಾಕ್ಟರು ಕರೆಸುತ್ತಿದ್ದರು. ಕಾರು ಮಾತ್ರ ಯಾರಿಗೂ ಬೇಕಿರಲಿಲ್ಲ. ಗೋಡೆ ಕಟ್ಟುವಾಗ ಅದು ಅಣ್ಣನ ಕಡೆ ನಿಂತಿತ್ತು, ಅಷ್ಟೇ. ಅವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಆಚೆ ಕಡೆ ತಮ್ಮ ಕೆಮ್ಮಿದರೆ ಈಚೆ ಬೋರೇಗೌಡರ ತುತ್ತು ತಟ್ಟೆಯಲ್ಲೇ ನಿಲ್ಲುತ್ತಿತ್ತು. ಆದರೆ ಮೊದಲು ಮಾತಾಡಿದವನು ಸೋತ ಹಾಗೆ. ಸೋಲುವ ಪೈಕಿ ಅವರಿಬ್ಬರಲ್ಲಿ ಯಾರೂ ಇರಲಿಲ್ಲ.

ನಾನು ಆಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮೈಸೂರಿನ ಫುಟ್‌ಪಾತಿನಲ್ಲಿ ಸಿಗುತ್ತಿದ್ದ ಹಳೇ ಫಾರಿನ್ ಪತ್ರಿಕೆಗಳನ್ನು ಓದಿ ಓದಿ ಕಾರಿನ ಬಗ್ಗೆ ನನಗೆ ಎಲ್ಲಾ ಗೊತ್ತಿತ್ತು, ಓಡಿಸುವುದೊಂದು ಬಿಟ್ಟು. ಬೀದಿ ವರಸೆಯಲ್ಲಿ ಬೋರೇಗೌಡರು ನನಗೆ ದೊಡ್ಡಪ್ಪ. ಅವರನ್ನು ಕಾಡಿ ಬೇಡಿ ಕೋಳಿ ಓಡಿಸಿದೆ. ಪಾಂಡವಪುರದ ಮೆಕ್ಯಾನಿಕ್ಕಿನ ಕೈಕಾಲು ಹಿಡಿದು ಎಂಜಿನ್ನಿಗೆ ಜೀವ ಬರಿಸಿದೆ. ಉಳಿದದ್ದು ಬಣ್ಣ. ಬಾಗಿಲಿನ ಒಳಮೈ ಕೆರೆದರೆ ಅಡಿಯಲ್ಲಿ ದಾಳಿಂಬೆ ಕೆಂಪು ಸಿಕ್ಕಿತು. ಚಿನ್ನ ಸಿಕ್ಕವನ ಹಾಗೆ ಕುಣಿದೆ.

"ದೊಡ್ಡಪ್ಪ, ಕಂಪ್ನಿ ಬಣ್ಣ ಕೆಂಪು! ಒರಿಜಿನಲ್ಲೇ ಹೊಡೀಬೇಕು, ಪತ್ರಿಕೇಲಿ ಬರ್ದವ್ರೆ."

ದೊಡ್ಡಪ್ಪ ಎಡಗಣ್ಣು ಮುಚ್ಚಿದರು. "ಫೈರಿಂಜಿನ್ ಏನ್ಲಾ ಇದು? ಎಲ್ಲೋ ಬೆಂಕಿ ಬಿದ್ದದೆ ಅಂತ ಜನ ಬಿಂದ್ಗೆ ಇಡ್ಕಂಡು ಇಂದೆ ಓಡ್ಬತ್ತಾರೆ. ಇದ್ನ ಊರಿಗೆ ತಂದದ್ದು ಯಾರು? ಎತ್ತು. ಎತ್ತಿನ ಬಣ್ಣವೇ ಒಡಿ."

"ಆಯ್ತು, ನಿಮ್ಮೆತ್ತು ಇಲ್ಲೇ ಅದಲ್ಲ, ನೋಡಿ ಮಿಕ್ಸ್ ಮಾಡಿಸ್ತೀನಿ."

"ಇದರ ಬಣ್ಣ ಓಗ್ಬುಟ್ಟದೆ ಕಣ್ಲಾ ಮಂಜ. ಸರ್ಯಾದ ಬಣ್ಣ ಅದರದ್ದು." ಗೋಡೆಯ ಕಡೆ ಗಡ್ಡ ತಿರುಗಿಸಿದರು. "ಅಲ್ಲಿಗೋಗಿ ಇಡಿದು ನೋಡ್ಕಂಡು ಬಾ. ನಾ ಕಳ್ಸಿದ್ದು ಅಂತ ಯೋಳ್ಬ್ಯಾಡ."

ಆ ಎರಡು ಎತ್ತುಗಳಲ್ಲಿ ಯಾವುದು ಯಾರದ್ದು ಅಂತ ಕೊಂಬಿನ ಬಣ್ಣ ನೋಡದೆ ಊರಿನಲ್ಲಿ ಒಬ್ಬರೂ ಹೇಳುತ್ತಿರಲಿಲ್ಲ. ಆದರೂ ನಾನು, ಬಣ್ಣದ ಸೂಕ್ಷ್ಮ ಬಲ್ಲವನು, ಹೌದು ಹೌದು ಎಂದು ತಲೆಯಾಡಿಸಿದೆ. ಪೇಂಟರ್ ಅಫ್ಸರ್ ಭಾಯಿ ಹತ್ತಿರ ಬೂದು ಬಣ್ಣ ಕಲಸಿಸಿ, ತಗಡಿನ ತುಂಡಿಗೆ ಹೊಡೆಸಿಕೊಂಡು ಗೋಡೆಯಾಚೆ ಹೋದೆ.

ನಿಂಗೇಗೌಡರು ನನ್ನನ್ನೂ ತಗಡನ್ನೂ ನೋಡಿದರು. "ನಮ್ಮೆತ್ತಿನ ಬೆನ್ನಿಗೆ ತಗಡ್ಯಾಕ್ಲಾ ಇಡಿತಿದ್ದೀಯೆ?"

"ಸುಮ್ನೆ ಚಿಕ್ಕಪ್ಪ."

"ನಿಮ್ ದೊಡ್ಡಪ್ಪ ಕಳುಸ್ನಾ?"

"ಇಲ್ಲ, ಅವ್ರು ಯೋಳ್ಬ್ಯಾಡ ಅಂದವ್ರೆ."

ಅವರು ತಗಡು ಕಿತ್ತುಕೊಂಡು ಬಿಸಿಲಿಗೆ ಹಿಡಿದರು. ಎಡಗಣ್ಣು ಮುಚ್ಚಿದರು. "ಕಪ್ಪಾಯ್ತು ಅಂತ ಯೋಳು ಅವನ್ಗೆ."

ಈಚೆ ಬಂದು ಹೇಳಿದೆ. ದೊಡ್ಡಪ್ಪನ ಮುಖ ಅರಳಿದ ರೀತಿ ನೋಡಬೇಕಿತ್ತು. "ಅಂಗಂದ್ನಾ? ಅವನ್ಗೇನ್ ಗೊತ್ತು! ಬೆಳ್ಳಗಾದ್ರೆ ಸುಣ್ಣದ ಗೋಡೆ ಆಯ್ತದೆ ಅಂತ ಯೋಳ್ಬಾ, ಓಗು."

ಹೀಗೆ ಬಿತ್ತನೆಯಲ್ಲಿ ಶುರುವಾದದ್ದು ಕಬ್ಬು ಕಡಿಯುವವರೆಗೂ ನಡೆಯಿತು. ತಗಡು ಹೋಗುತ್ತಿತ್ತು, ಬೈಗುಳ ಬರುತ್ತಿತ್ತು. ಒಂದು ಸಲ ಬೈಗುಳದ ಜೊತೆ ಅವರೆಕಾಳಿನ ಸಾರೂ ಬಂತು. "ಸಾರು ನಾ ಕಳ್ಸಿದ್ದು ಅಂತ ಯೋಳ್ಬ್ಯಾಡ" ಎಂದಿದ್ದರು ಚಿಕ್ಕಪ್ಪ. ಅಫ್ಸರ್ ಭಾಯಿ ಕೊನೆಗೆ ಬ್ರಷ್ ಕೆಳಗಿಟ್ಟರು. "ಅರೇ ಮಂಜಣ್ಣ, ಬೂದು ಅಂದ್ರೆ ಒಂದೇ ಬಣ್ಣ ಅಂದ್ಕೊಂಡಿದ್ದೆ ನಾನು. ಇವ್ರಿಗೆ ಕಾರ್ ಬೇಕೋ, ಜಗಳ ಬೇಕೋ ಕೇಳ್ಕೊಂಡ್ ಬಾ, ಅದ್ನೇ ಕಲಸ್ಕೊಡ್ತೀನಿ."

ನಾನು ಅದನ್ನು ಹಾಗೇ ಎರಡೂ ಕಡೆ ಒಪ್ಪಿಸಿದೆ. ಮಾರನೇ ಬೆಳಿಗ್ಗೆ ನಿಂಗೇಗೌಡರು ಎತ್ತಿನ ಹಗ್ಗ ಹಿಡಿದು ಗೋಡೆ ಸುತ್ತಿ ಬಂದೇ ಬಿಟ್ಟರು. ಕಾರಿನ ಪಕ್ಕ ನಿಲ್ಲಿಸಿದರು. ಕೊಟ್ಟಿಗೆಯಲ್ಲಿದ್ದ ಜೊತೆಯ ಎತ್ತು ಒಮ್ಮೆ ಕೂಗಿತು. ಅಣ್ಣತಮ್ಮಂದಿರು ಒಂದು ಮಾರು ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಯೋಳ್ಲಾ ನಿಮ್ ದೊಡ್ಡಪ್ಪಂಗೆ, ಎತ್ತು ಬಂದದೆ, ಕಣ್ಬುಟ್ಟು ನೋಡ್ಲಿ ಅಂತ."

"ಯೋಳ್ಲಾ ನಿಮ್ ಚಿಕ್ಕಪ್ಪಂಗೆ, ನಾನು ನೋಡೇ ನಿಂತಿವ್ನಿ, ತಗಡು ಎತ್ತಿಗಿಂತ ಬೆಳ್ಳಗದೆ."

"ಬೆಳ್ಳಗಾ? ಕಣ್ಣು ಕಾಣಾಕಿಲ್ವಾ ನಿಂಗೆ!"

"ನಿಂಗ್ ಕಾಣ್ತದೇನ್ಲಾ? ಮೊದ್ಲು ಎರಡೂ ಕಣ್ಣು ಬುಟ್ಕಂಡು ನೋಡು!"

ನಡುವೆ ನಿಂತಿದ್ದ ನಾನು ತಗಡು ಹಿಡಿದುಕೊಂಡು ಪಕ್ಕಕ್ಕೆ ಸರಿದೆ. ಮಧ್ಯಾಹ್ನದವರೆಗೂ ಬೈದಾಡಿ ಒಟ್ಟಿಗೆ ಉಂಡರು.

ಬಣ್ಣ ಕೊನೆಗೆ ದೊಡ್ಡಪ್ಪ ಹೇಳಿದ್ದೇ ಆಯಿತು, ತಗಡಿಗಿಂತ ಒಂದು ಛಾಯೆ ಕಪ್ಪಗೆ. ಕಾರು ಹೊರಟ ದಿನ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದೆ. ಟ್ರಾಕ್ಟರು ಓಡಿಸಿ ಗೊತ್ತಿದ್ದ ನಿಂಗೇಗೌಡರು ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ದೊಡ್ಡಪ್ಪ ಪೇಟ ಕಟ್ಟಿ ಕೂತಿದ್ದರು. "ಎರಡೇ ಸೀಟು ಕಣ್ಲಾ ಮಂಜ. ನೀನು ಬಸ್ಸಲ್ಲಿ ಬಂದ್ಬುಡು" ಎಂದರು. ಪಾಲಹಳ್ಳಿಯವರೆಗೆ ಹೋಗಿ ಬಂದರಂತೆ. ನನಗೆ ಸಿಕ್ಕಿದ್ದು ಧೂಳು.

ಕೆಲವು ವರ್ಷಗಳ ಮೇಲೆ ದೊಡ್ಡಪ್ಪ ತೀರಿಹೋದಾಗ ನಾನು ನಾಗಮಂಗಲದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಸೇರಿದ್ದೆ. ತಿಥಿ ಕಳೆದ ಮೇಲೆ ಒಂದು ಸಂಜೆ ಚಿನಕುರಳಿಗೆ ಹೋದೆ. ಗೋಡೆ ಒಡೆದು ಒಂದು ಆಳು ಹೋಗುವಷ್ಟು ಬಾಗಿಲು ಮಾಡಿದ್ದರು. ಕಾರು ಈಗ ಚಿಕ್ಕಪ್ಪನ ಕಡೆ ನಿಂತಿತ್ತು, ಅದರ ಪಕ್ಕ ಉಳಿದಿದ್ದ ಒಂದು ಎತ್ತು ಮಲಗಿತ್ತು. ವಯಸ್ಸಾಗಿ ಅದರ ಮೈಯೆಲ್ಲ ಬೆಳ್ಳಗಾಗಿತ್ತು. ಪಕ್ಕದಲ್ಲಿ ಕಾರು ಮಳೆ ಮೋಡದ ಹಾಗೆ ಕಪ್ಪಗೆ ಕಾಣುತ್ತಿತ್ತು.

"ಚಿಕ್ಕಪ್ಪ, ಈಗ ಒಪ್ಪಾಕಿಲ್ಲ. ಒಂದು ಕೋಟು ಬೆಳ್ಳಗೆ ಒಡಿಸ್ಬುಡನಾ?"

ನಿಂಗೇಗೌಡರು ಎಡಗಣ್ಣು ಮುಚ್ಚಿ ಎತ್ತು ನೋಡಿದರು, ಕಾರು ನೋಡಿದರು. ಮುಖದಲ್ಲಿ ಗೆದ್ದವನ ಕಳೆ ಬಂತು.

"ನಾನು ಅವತ್ತೇ ಅಂದಿರ್ನಿಲ್ವಾ ಕಪ್ಪಾಯ್ತು ಅಂತ? ಓಗ್ಲಾ, ಯೋಳು ನಿಮ್ ದೊಡ್ಡಪ್ಪಂಗೆ."

ನಾನು ಅಭ್ಯಾಸಬಲದಿಂದ ಗೋಡೆಯ ಬಾಗಿಲಿನ ಕಡೆ ಎರಡು ಹೆಜ್ಜೆ ಹಾಕಿಯೂಬಿಟ್ಟಿದ್ದೆ.