ಹಾರ ಬಿದ್ದ ಮೇಲೆ ಒಂದು ನಗು

೨೦೨೨ರಲ್ಲಿ ನಾನು ಚೆನ್ನೈನ ಸಾಲಿಗ್ರಾಮಂನಲ್ಲಿ ಒಂದು ತಮಿಳು ಧಾರಾವಾಹಿಯ ಮುಖ್ಯ ಎಡಿಟರ್ ಆಗಿದ್ದೆ. ಮುಖ್ಯ ಎಂದರೆ, ಆ ಕೋಣೆಯಲ್ಲಿ ನನ್ನ ಹೊರತು ಬೇರೆ ಎಡಿಟರ್ ಇರಲಿಲ್ಲ. ನಮ್ಮ ತಂದೆ ಕುಂದಾಪುರದ ಕಡೆಯಿಂದ ಬಂದು ಮೈಲಾಪೂರಿನ ಹೋಟೆಲೊಂದರಲ್ಲಿ ಜೀವಮಾನವಿಡೀ ತರಕಾರಿ ಹೆಚ್ಚಿದವರು. ನಾನು ಮೊದಲು ಫಿಲ್ಮ್ ಹೆಚ್ಚಿದೆ, ಆಮೇಲೆ ಕಂಪ್ಯೂಟರಿನಲ್ಲಿ ದೃಶ್ಯ ಹೆಚ್ಚಿದೆ. ಮನೆತನದ ಕಸುಬು ಬಿಟ್ಟೆನೆಂಬ ಅಪವಾದ ನನ್ನ ಮೇಲಿಲ್ಲ.

ಆ ವರ್ಷವೇ ನಮ್ಮಲ್ಲಿಗೆ ಪದ್ಮಜಾ ಬಂದಳು. ತಾಂಬರಂನವಳು. ಮುತ್ತಜ್ಜನ ಕಾಲದಲ್ಲೇ ಮೈಸೂರು ಬಿಟ್ಟು ಮದರಾಸು ಸೇರಿದ ವೈಷ್ಣವ ಮನೆತನ. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಅದರಲ್ಲಿ ತಮಿಳು ಎಷ್ಟು ಎಂದು ಕೇಳಬಾರದು. ಹಗಲು ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸ, ಸಂಜೆ ಯಾವುದಾದರೂ ಕಾಫಿ ಅಂಗಡಿಯ ಮಹಡಿಯಲ್ಲಿ ಮೈಕ್ ಹಿಡಿದು ಸ್ಟ್ಯಾಂಡ್-ಅಪ್ ಕಾಮಿಡಿ. ವಿಷಯ ಸಾಮಾನ್ಯವಾಗಿ ಅವಳ ಅತ್ತೆ. ಆ ಅತ್ತೆ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ವಿಡಿಯೊ ಊರೆಲ್ಲ ಓಡಾಡಿ, ಚಾನೆಲ್‌ನವರ ಕಣ್ಣಿಗೂ ಬಿತ್ತು. ಕರೆದು ಪಾತ್ರ ಕೊಟ್ಟರು: ನಾಯಕನ ಸೋದರತ್ತೆ ಅಂಬುಜಂ, ಬಾಯಿ ಜೋರಿನ ವಿಧವೆ. ಪದ್ಮಜಾ ಕಚೇರಿಗೆ ರಾಜೀನಾಮೆ ಕೊಟ್ಟು, ತಲೆಗೆ ಬಿಳಿ ಬಣ್ಣ ಬಳಿದುಕೊಂಡು ಅಂಬುಜಂ ಆದಳು. ಅತ್ತೆಯನ್ನು ಆಡಿಕೊಂಡವಳಿಗೆ ಅತ್ತೆಯ ವೇಷವೇ ಬಂತು. ಕರ್ಮಸಿದ್ಧಾಂತ ಟಿವಿಗೂ ಅನ್ವಯಿಸುತ್ತದೆ.

ಆದರೆ ಅಂಬುಜಂ ಯಾರನ್ನೂ ನಗಿಸಲಿಲ್ಲ.

ನನ್ನ ಟೇಬಲ್ಲಿಗೆ ಬರುತ್ತಿದ್ದ ರಶ್‌ನಲ್ಲಿ, ಅಂದರೆ ಆ ದಿನ ಚಿತ್ರಿಸಿದ ಕತ್ತರಿಸದ ದೃಶ್ಯಗಳಲ್ಲಿ, ಅವಳು ಪ್ರತಿ ಮಾತು ಮುಗಿಸಿ ಒಂದು ಕ್ಷಣ ಕಾಯುತ್ತಿದ್ದಳು. ನಂತರ ಮುಖ ಸಪ್ಪಗಾಗುತ್ತಿತ್ತು. ಮುಂದಿನ ಮಾತನ್ನು ಗಡಿಬಿಡಿಯಲ್ಲಿ, ಒಂದು ಸ್ವರ ಮೇಲೆ ಹೇಳುತ್ತಿದ್ದಳು. ದೃಶ್ಯ ಮುಗಿಯುವಷ್ಟರಲ್ಲಿ ಅದು ಹಾಸ್ಯವೋ ಮನೆಗೆ ಬೆಂಕಿ ಬಿದ್ದ ಸುದ್ದಿಯೋ ಎಂದು ತಿಳಿಯದಂತಾಗುತ್ತಿತ್ತು.

ಒಂದು ಮಧ್ಯಾಹ್ನ ತನ್ನ ರಶ್ ತಾನೇ ನೋಡಬೇಕೆಂದು ಬಂದಳು. ನೋಡಿ, ಕುರ್ಚಿಯಲ್ಲಿ ಕುಗ್ಗಿ ಕೂತಳು. ನನಗೆ ಅರ್ಥವಾಗಲಿಲ್ಲ, ಎಂತಕ್ಕೆ ಕಾಯುತ್ತಿ ಮಾರಾಯ್ತಿ ಎಂದು ಕೇಳಿದೆ.

"ನಗುಗೆ ಮಾಮಾ. ಸೆಟ್‌ನಲ್ಲಿ ಒಬ್ರೂ ಉಸಿರು ಬಿಡಲ್ಲ. ಸ್ಟೇಜ್ ಮೇಲೆ ಅಷ್ಟು ಸೈಲೆಂಟ್ ಆದ್ರೆ ನಾನು ಮೈಕ್ ಇಟ್ಟು ಆಟೋ ಹಿಡೀಬೇಕು ಅಂತ ಅರ್ಥ. ಇಲ್ಲಿ ದಿನಾ ಬೆಳಿಗ್ಗೆಯಿಂದ ಸಂಜೆ ತನಕ ಫ್ಲಾಪ್ ಆಗ್ತಿದೀನಿ."

ಮೌನಕ್ಕೆ ಕಾರಣವಿತ್ತು. ನಮ್ಮದು ಲೈವ್ ಸೌಂಡ್; ಮಾತನ್ನು ಆಮೇಲೆ ಡಬ್ಬಿಂಗ್ ಮಾಡದೆ ಅಲ್ಲೇ ದಾಖಲಿಸುವ ಪದ್ಧತಿ. ಶೂಟಿಂಗ್ ಮನೆ ಇದ್ದದ್ದು ಪಲ್ಲಾವರಂನಲ್ಲಿ, ವಿಮಾನಗಳು ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಅಲ್ಲಾಡುವಂತೆ ಹಾದುಹೋಗುವಲ್ಲಿ. ಎರಡು ವಿಮಾನಗಳ ನಡುವೆ ಸಿಗುವ ಹೊತ್ತಿನಲ್ಲಿ ದೃಶ್ಯ ಮುಗಿಸಬೇಕು. ನಿರ್ದೇಶಕ ಅನ್ಬರಸು, ಸ್ವಭಾವತಃ ಸಾಧು, ಆ ಹೊತ್ತಿನಲ್ಲಿ ಕೆಮ್ಮಿದವರನ್ನೂ ಕ್ಷಮಿಸುತ್ತಿರಲಿಲ್ಲ.

ಮೇ ತಿಂಗಳಿಗೆ ಚಾನೆಲ್‌ನ ತಾಳ್ಮೆ ಮುಗಿಯಿತು. ಅಂಬುಜಂ ಸಾಯಲಿ ಎಂದರು. ಧಾರಾವಾಹಿಯಲ್ಲಿ ಇದಕ್ಕೆ ಹೆಚ್ಚು ಖರ್ಚಿಲ್ಲ: ಒಂದು ಲಾರಿಯ ಬ್ರೇಕ್ ಸದ್ದು, ಒಂದು ಫೋಟೋ, ಒಂದು ಹಾರ. ಪದ್ಮಜಾಳ ಹಳೆಯ ಕಚೇರಿ ಅವಳ ಕುರ್ಚಿಯಲ್ಲಿ ಆಗಲೇ ಬೇರೆಯವರನ್ನು ಕೂರಿಸಿತ್ತು. ಟಿವಿಯಲ್ಲಿ ನಗಿಸಲಾಗದವಳು ಎಂಬ ಹೆಸರು ಹೊತ್ತು ಮತ್ತೆ ಮೈಕ್ ಮುಂದೆ ನಿಲ್ಲುವ ಧೈರ್ಯ ಇಲ್ಲ ಎಂದು ಫೋನಿನಲ್ಲಿ ಹೇಳಿದಳು. ಸಮಾಧಾನ ಹೇಳುವ ಕಲೆ ನನಗೆ ಬಾರದು. ಊಟ ಆಯ್ತಾ ಎಂದು ಕೇಳಿದೆ.

ಇಲ್ಲಿ ನಮ್ಮ ಉದ್ಯಮದ ಒಂದು ಶಾಸ್ತ್ರವನ್ನು ಓದುಗರಿಗೆ ತಿಳಿಸಬೇಕು. ಹೆಣವಾಗಿ ಮಲಗಿದ ಕಲಾವಿದರು ಹಾಗೇ ಎದ್ದು ಮನೆಗೆ ಹೋಗಬಾರದು. ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ಅದನ್ನು ಚಿತ್ರಿಸಬೇಕು. ಕೊನೆಯ ಶಾಟ್ ಸಾವಿನದಾಗಬಾರದು ಎಂಬ ನಂಬಿಕೆ. ಆ ನಗು ಎಲ್ಲೂ ಪ್ರಸಾರವಾಗುವುದಿಲ್ಲ. ಎಡಿಟರ್ ಅದನ್ನು ಕಂಡ ಕೂಡಲೇ ತೆಗೆದು ಎಸೆಯುತ್ತಾನೆ.

ಆ ದಿನದ ರಶ್‌ನಲ್ಲಿ ಅಂಬುಜಂ ಬಾಡಿಗೆಗೆ ತಂದ, ಹೆಣ ಕೆಡದಂತೆ ಇಡುವ ಗಾಜಿನ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿದ್ದಳು. ಸುತ್ತ ಬಂಧುಗಳ ಗೋಳಾಟ. ಕಟ್ ಆಯಿತು, ಮುಚ್ಚಳ ತೆಗೆದರು, ಅನ್ಬರಸು ಶಾಸ್ತ್ರ ಮುಗಿಸಮ್ಮ ಎಂದರು. ನಾನು ಎಸೆಯಲು ಕೈ ಇಟ್ಟಿದ್ದೆ. ಪದ್ಮಜಾ ಎದ್ದು ಕೂತಳು, ನಗಲಿಲ್ಲ. ಮೂಗಿನ ಹತ್ತಿ ತೆಗೆದು ಎಲ್ಲರನ್ನೂ ಒಮ್ಮೆ ನೋಡಿದಳು. ಅವಳ ತಮಿಳನ್ನು ಕನ್ನಡಕ್ಕೆ ತಂದು ಹೇಳುವುದಾದರೆ:

"ಇಷ್ಟು ವರ್ಷದಲ್ಲಿ ಈ ಮನೇಲಿ ನನಗೆ ಎ.ಸಿ. ಸಿಕ್ಕಿದ್ದು ಇವತ್ತೇ."

ಯಾರೋ ಕಿಸಕ್ಕೆಂದರು. ಶಾಸ್ತ್ರದ ಶಾಟ್‌ಗೆ ಮೌನದ ನಿಯಮವಿಲ್ಲ, ನಗಬಹುದು. ಅವಳು ಕಾದಳು. ನಗು ಬಂತು. ಆ ಮನೆಯ ದೊಡ್ಡ ಸೊಸೆಯ ಪಾತ್ರದವಳ ಕಡೆ ತಿರುಗಿದಳು: ಬದುಕಿದ್ದಾಗ ಒಂದು ಲೋಟ ಕಾಫಿ ಕೊಡದವಳು ಈಗ ಎದೆ ಬಡಿದುಕೊಂಡು ಬಳೆ ಒಡೆದುಕೊಂಡಿದ್ದಾಳೆ, ಬಳೆ ಯಾರದು, ನನ್ನದು. ಲೈಟ್ ಹಿಡಿದವರು ನಕ್ಕ ರಭಸಕ್ಕೆ ಲೈಟ್ ಅಲ್ಲಾಡಿತು. ಅಷ್ಟರಲ್ಲಿ ಮೇಲೆ ವಿಮಾನ ಬಂತು. ಅವಳು ಕತ್ತೆತ್ತಿ, ಅದು ಪೂರ್ತಿ ಹೋಗುವ ತನಕ ಕಾದು ಹೇಳಿದಳು: "ನನ್ನ ಕರಕೊಂಡು ಹೋಗೋಕೆ ವಿಮಾನವೇ ಬಂತಾ? ಇವರ ಬಜೆಟ್‌ಗೆ ಶೇರ್ ಆಟೋ ಅಂದ್ಕೊಂಡಿದ್ದೆ."

ಕೊನೆಗೆ ಕೇಳಿಸಿದ್ದು ಅನ್ಬರಸುವಿನ ನಗು. ಅದು ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾನು ಆ ತುಣುಕನ್ನು ಎಸೆಯಲಿಲ್ಲ. ಸೆಟ್‌ನವರ ನಗುವನ್ನು ತೆಗೆದು, ಆ ಜಾಗಗಳಲ್ಲಿ ಬಂಧುಗಳ ಅಳುಮುಖದ ರಿಯಾಕ್ಷನ್ ಶಾಟ್‌ಗಳನ್ನು ತುಂಬಿ ಅನ್ಬರಸುವಿಗೆ ತೋರಿಸಿದೆ. ಮುಂದಿನ ಕಂತುಗಳಲ್ಲಿ ಅಂಬುಜಂ ಗೋಡೆಯ ಫೋಟೋದೊಳಗಿಂದ ಮಾತಾಡಲಿ. ಮನೆಯವರಿಗೆ ಕೇಳಿಸುವುದು ಬೇಡ, ನೋಡುವವರಿಗೆ ಕೇಳಿಸಿದರೆ ಸಾಕು ಎಂದೆ. ಅವರು ತಲೆ ಕೆರೆದುಕೊಂಡರು. ಸತ್ತವಳನ್ನು ಮಾತಾಡಿಸಿದರೆ ಚಾನೆಲ್‌ನವರು ತಮ್ಮನ್ನು ಅದೇ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ ಎಂದರು. ಅದೂ ಅಲ್ಲದೆ, ಮತ್ತೆ ಸೆಟ್‌ನ ಮೌನದಲ್ಲಿ ನಿಂತರೆ ಇವಳು ಮತ್ತೆ ಹಳೆಯ ಅಂಬುಜಂ ಆಗುವುದಿಲ್ಲವೇ ಎಂದು ಕೇಳಿದರು.

"ಫೋಟೋದೊಳಗೆ ಅವಳು ಒಬ್ಬಳೇ ಸಾರ್, ಬೇರೆಯವರ ಮಾತಿಲ್ಲ. ಸೆಟ್‌ನವರನ್ನ ಎದುರು ಕೂರಿಸಿ ನಗೋಕೆ ಬಿಡಿ. ನಗು ಕತ್ತರಿಸೋದು ನನ್ನ ಕೆಲಸ."

ಚಾನೆಲ್‌ನವರು ಒಂದು ವಾರದ ಮಟ್ಟಿಗೆ ಒಪ್ಪಿದರು. ಆ ವಾರ ಮುಗಿಯುವ ಮೊದಲೇ ನಮ್ಮ ಮನೆಯ ಕೆಳಗಿನ ಇಸ್ತ್ರಿ ಅಂಗಡಿಯ ಅಮ್ಮ ನನ್ನನ್ನು ತಡೆದು, ಸತ್ತ ಅತ್ತೆ ಇವತ್ತು ಏನು ಹೇಳ್ತಾರೆ ಎಂದು ಕೇಳಿದರು. ಬದುಕಿದ್ದಾಗ ಅಂಬುಜಂ ಬಗ್ಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಪದ್ಮಜಾಳ ಮರಣೋತ್ತರ ವೃತ್ತಿಜೀವನ ಎರಡು ವರ್ಷ ನಡೆಯಿತು. ಈಗ ಬೇರೆ ಧಾರಾವಾಹಿಯಲ್ಲಿ ಸಜೀವವಾಗಿ ಮುಖ್ಯ ಪಾತ್ರದಲ್ಲಿದ್ದಾಳೆ. ಮೌನದಲ್ಲಿ ಕಾಯುವುದೂ ಅಭ್ಯಾಸವಾಗಿದೆಯಂತೆ. ನಗು ಆಮೇಲೆ ಬರುತ್ತೆ ಮಾಮಾ, ಮನೆಮನೆಯಲ್ಲಿ, ಅನ್ನುತ್ತಾಳೆ.

ವೃತ್ತಿ ನನಗೆ ಕಲಿಸಿದ್ದು ದೊಡ್ಡ ಸಂಗತಿಯೇನಲ್ಲ. ಎಸೆಯುವ ಮುಂಚೆ ಕೊನೆಯವರೆಗೂ ನೋಡಬೇಕು, ಅಷ್ಟೇ. ಜನರನ್ನಾದರೆ ಎರಡು ಸಲ.

ಕಳೆದ ವರ್ಷ ನಾನು ನಿವೃತ್ತನಾದೆ. ಎಡಿಟಿಂಗ್ ಕೋಣೆಯಲ್ಲೇ ಸಣ್ಣ ಸಮಾರಂಭ ಮಾಡಿ, ಶಾಲು ಹೊದೆಸಿ, ಸೇವಂತಿಗೆ ಹಾರ ಹಾಕಿದರು. ನಾನು ಕೈಮುಗಿದು ಬಾಗಿಲ ಕಡೆ ಹೊರಟೆ. ಪದ್ಮಜಾ ಫೋನ್ ಹಿಡಿದು ಅಡ್ಡ ನಿಂತಳು.

"ಹಾರ ಬಿದ್ದ ಮೇಲೆ ಹಾಗೇ ಹೋಗೋ ಹಾಗಿಲ್ಲ ಮಾಮಾ. ಇಲ್ಲಿ ನೋಡಿ, ಒಂದ್ಸಲ ನಗಿ."

ನಕ್ಕೆ. ಆ ಶಾಟ್ ಎಷ್ಟು ಉದ್ದ ಬಂದಿದೆಯೋ ಗೊತ್ತಿಲ್ಲ. ಕತ್ತರಿಸುವುದು ಇನ್ನು ನನ್ನ ಕೆಲಸವಲ್ಲ.