ಕಮಿನಿಯೇಲಿಯಿಂದ ಕೇಳಿ ಪಡೆದ ದೋಣಿ

ನನ್ನ ಗಂಡ ಕಮಿನಿಯೇಲಿ ಕೆಟ್ಟವನಲ್ಲ, ಮಹಾ ಬುದ್ಧಿವಂತನೂ ಅಲ್ಲ. ಊರಿನ ಮಕ್ಕಳನ್ನು ನಮ್ಮ ದ್ವೀಪದ ರೇವಾ ನದಿಯ ಈ ದಡದಿಂದ ಆಚೆ ದಡದ ಶಾಲೆಗೆ ದಾಟಿಸುವುದೊಂದೇ ಅವನಿಗೆ ಗೊತ್ತಿದ್ದ ಕೆಲಸ. ಅದನ್ನು ಚೆನ್ನಾಗಿ ಮಾಡುತ್ತಿದ್ದ. ನದಿಯ ಮರಳುದಿಬ್ಬ ಯಾವ ಮಳೆಗೆ ಎಲ್ಲಿಗೆ ಸರಿಯುತ್ತದೆಂದು ನೋಡದೆಯೇ ಹೇಳುತ್ತಿದ್ದ. ದಿಬ್ಬ ಸರಿದದ್ದು ಗೊತ್ತಾಗುತ್ತಿತ್ತು, ಮನೆಯಲ್ಲಿ ಉಪ್ಪು ಮುಗಿದದ್ದು ಮಾತ್ರ ಒಂದು ದಿನವೂ ಗೊತ್ತಾಗಲಿಲ್ಲ. ನಾನು, ಲೊಸಾನಾ, ನದಿಯಲ್ಲಿ ಮುಳುಗಿ ಕಪ್ಪೆಚಿಪ್ಪು ಹೆಕ್ಕಿ ನೌಸೋರಿ ಸಂತೆಯಲ್ಲಿ ಮಾರುವವಳು. ಇಬ್ಬರೂ ಸದಾ ಒದ್ದೆ. ಹಾಗೆಯೇ ಸಂಸಾರ ನಡೆದಿತ್ತು.

ಮೂರನೆಯ ಮಗು ಹುಟ್ಟಿದ ವರ್ಷ ಅವನಿಗೆ ಸತ್ತುಹೋದ ಅಪ್ಪನ ದನಿ ದೋಣಿಯ ಎಂಜಿನ್‌ನೊಳಗಿಂದ ಕೇಳಿಸತೊಡಗಿತು. ಅಪ್ಪ ಬೈಯುತ್ತಾನೆ, ಮಕ್ಕಳನ್ನು ದೋಣಿಯಿಂದ ಇಳಿಸು ಅನ್ನುತ್ತಾನೆ. ಒಂದು ದಿನ ಹಾಗೆಯೇ ನಡುನೀರಿನಲ್ಲಿ ಇಳಿಸಲು ಹೊರಟನಂತೆ. ಪುಣ್ಯಕ್ಕೆ ಪಕ್ಕದಲ್ಲಿ ಇನ್ನೊಂದು ದೋಣಿಯಿತ್ತು. ಸುವಾ ನಗರದ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಮಾತ್ರೆ ಬಂದ ಮೇಲೆ ಅಪ್ಪ ಹೋದ. ಅಪ್ಪನ ಹಿಂದೆಯೇ ಇವನ ನಗೆಯೂ ಹೋಯಿತು.

"ಹೇಗಿದೆ ಒಳಗೆ?" ಎಂದು ಕೇಳಿದರೆ, "ಸುಮ್ನಿದೆ" ಅನ್ನುತ್ತಿದ್ದ.

ನನಗೂ ಅಷ್ಟು ಸಾಕಾಗಿತ್ತು. ನಾನೂ ಒಳಗೆ ಸುಮ್ಮನಾಗಿದ್ದೆ. ಅಳು ಬರಬೇಕಾದ ಕಡೆ ಕೈ ಕೆಲಸ ಮಾಡುತ್ತಿತ್ತು. ಅವನು ಮತ್ತೆ ದೋಣಿ ಹತ್ತಿದ, ಮಕ್ಕಳು ಮತ್ತೆ ಹತ್ತಿದರು.

ಇನ್ನು ವೈಸಾಕೆಯ ವಿಷಯ. ಅವನು ನನ್ನ ದೊಡ್ಡಪ್ಪನ ಮಗ, ಅಂದರೆ ಅಣ್ಣ. ಅಣ್ಣ ತಂಗಿ ದೊಡ್ಡವರಾದ ಮೇಲೆ ನಮ್ಮಲ್ಲಿ ಎದುರುಬದುರು ಮಾತಿಲ್ಲ. ಅವನು ಒಂದು ಬಾಗಿಲಿಂದ ಬಂದರೆ ನಾನು ಇನ್ನೊಂದರಿಂದ ಹೋಗಬೇಕು. ಕಮಿನಿಯೇಲಿಗೆ ಅವನು ಸೋದರಮಾವನ ಮಗ, ಅಂದರೆ ಭಾವ. ಭಾವಂದಿರ ಬಾಯಿಗೆ ಬೀಗವಿಲ್ಲ, ಕೇಳುವ ಕೈಗೂ ತಡೆಯಿಲ್ಲ. 'ಕೆರೆಕೆರೆ' ಅಂದುಬಿಟ್ಟರೆ ಮುಗಿಯಿತು, ಬಂಧು ಹಾಗೆ ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಬಲೆ, ಅಂಗಿ, ಹಂದಿಮರಿ ಎಲ್ಲವೂ ಆ ಒಂದು ಮಾತಿಗೆ ಮನೆ ಬದಲಾಯಿಸುತ್ತವೆ.

ಅಂದು ನಾನು ಅಡುಗೆಯ ಕಡೆ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದೆ. ಜಗುಲಿಯ ಮಾತು ಕೇಳುತ್ತಿತ್ತು.

"ಏನೋ ಭಾವ, ಸತ್ತ ಏಡಿ ಥರ ಬಿದ್ಕೊಂಡಿದ್ಯಲ್ಲೋ. ನಿನ್ ಗೊರಕೆಗೆ ಆಚೆ ದಡದ ನಾಯಿಗಳೂ ಎದ್ದು ಕೂತಿದ್ವು," ಎಂದ ವೈಸಾಕೆ.

"ನಿನ್ ಹಾಗೆ ಹಗಲೆಲ್ಲ ಮಲಗಿದ್ರೆ ರಾತ್ರಿ ನಿದ್ದೆ ಎಲ್ಲಿಂದ ಬರುತ್ತೆ?"

"ಅದಕ್ಕೇ ಬಂದಿದ್ದು. ನಂಗೆ ಕಣ್ಣೇ ಮುಚ್ತಿಲ್ಲ ಮಾರಾಯ. ನಿನ್ ಮಾತ್ರೆ ಕೊಡು. ಕೆರೆಕೆರೆ."

ಇವನು ಎದ್ದು ಒಳಕೋಣೆಗೆ ಹೋದ. ಆಮೇಲೆ ಡಬ್ಬಿ ಅಲ್ಲಾಡಿದ ಸದ್ದು.

ವೈಸಾಕೆ ಹೋದ ಮೇಲೆ ನಾನು ಕೇಳಿದೆ. "ಅದೇನು ಪಪ್ಪಾಯನಾ, ಕೇಳ್ದೋರಿಗೆಲ್ಲ ಕಿತ್ತು ಕೊಡೋಕೆ?"

"ಕೇಳ್ದ. ಇಲ್ಲ ಅನ್ನಕ್ಕಾಗುತ್ತಾ?"

"ನಿಂಗೆ?"

"ಇನ್ನೂ ಇದಾವೆ."

ಇದ್ದವು, ಸಾಲುವಷ್ಟಿರಲಿಲ್ಲ. ವೈಸಾಕೆ ಮತ್ತೆ ಬಂದ, ಮತ್ತೆ ಕೇಳಿದ. ಹೊಸ ಮಾತ್ರೆ ಬರುವ ಮೊದಲು ಇವನು ಕೆಲವು ದಿನ ಏನೂ ನುಂಗದೆ ಕಳೆದ. ಆಸ್ಪತ್ರೆಯಿಂದ ಹೊಸ ಡಬ್ಬಿ ಬಂದ ದಿನ ಮಾಡಿದ್ದು ಮಾತ್ರ ನಮ್ಮವರು ಮಾಡುವ ತಪ್ಪೇ. ಯಂಗೋನ ಎಂಬ ಬೇರಿನ ರಸ ಕುಡಿಯುವ ಕೂಟಕ್ಕೆ ತಡವಾಗಿ ಬಂದವನು ತಪ್ಪಿಹೋದ ಸುತ್ತುಗಳ ತೆಂಗಿನಚಿಪ್ಪುಗಳನ್ನೆಲ್ಲ ಒಂದಾದ ಮೇಲೊಂದು ಕುಡಿದು ತೀರಿಸಬೇಕು, ಆಗಲೇ ಅವನು ಕೂತವರ ಸಮ. ಕಮಿನಿಯೇಲಿ ಮಾತ್ರೆಗೂ ಹಾಗೇ ಮಾಡಿದ. ತಪ್ಪಿದ್ದನ್ನೆಲ್ಲ ಅಂಗೈಯಲ್ಲಿ ಹಾಕಿಕೊಂಡು ನುಂಗಿದ.

ಮರುದಿನ ಬೆಳಿಗ್ಗೆ ನಾನು ಎದೆಮಟ್ಟದ ನೀರಿನಲ್ಲಿದ್ದೆ. ಅವನು ಮಕ್ಕಳನ್ನು ಆಚೆ ಇಳಿಸಿ ಖಾಲಿ ದೋಣಿಯಲ್ಲಿ ಬರುತ್ತಿದ್ದ. ದೋಣಿ ನಡುವಿನಲ್ಲಿ ಸುತ್ತಲು ಶುರುಮಾಡಿತು. ಆಟ ಅಂದುಕೊಂಡೆ. ಅದು ಸುತ್ತಿ ಸುತ್ತಿ ದಡದ ಕಾಂಡ್ಲಾ ಮರಗಳ ನೀರಿಗಿಳಿದ ಬೇರಿಗೆ ಹೋಗಿ ಗುದ್ದಿತು. ಈಜಿ ಹೋಗಿ ನೋಡಿದರೆ ಅವನು ದೋಣಿಯ ತಳದಲ್ಲಿ ಬಿದ್ದು ಕೈಕಾಲು ಸೆಟೆದು ಅದುರುತ್ತಿದ್ದ, ಬಾಯಲ್ಲಿ ನೊರೆ, ಕಣ್ಣು ಮೇಲೆ. ಎಂಜಿನ್ ನಿಲ್ಲಿಸಿದೆ. ಅವನನ್ನು ಪಕ್ಕಕ್ಕೆ ಹೊರಳಿಸಿ ಕೂತೆ. ಆಗ ನನಗೆ ಭಯವಾಗಲಿಲ್ಲ. ದೋಣಿಯಲ್ಲಿ ಮರೆತುಹೋಗಿದ್ದ ಒಂದು ಮಗುವಿನ ಚಪ್ಪಲಿ ನೋಡುತ್ತಾ ಕೂತಿದ್ದೆ.

ಎಚ್ಚರವಾದ ಮೇಲೆ ಅವನು ಹೇಳಿದ ಮೊದಲ ಮಾತು, "ತಪ್ಪಿದ್ದೆಲ್ಲ ತೀರಿಸಿದ್ನಲ್ಲೇ."

ಸುವಾದಲ್ಲಿ ತಲೆಗೆ ತಂತಿ ಹಚ್ಚುವ ಪರೀಕ್ಷೆ. ನಮ್ಮಲ್ಲಿ ಇನ್ನೊಬ್ಬರ ತಲೆ ಮುಟ್ಟುವುದಿಲ್ಲ, ಹೆಂಡತಿಯಾದ ನಾನೂ ಮುಟ್ಟುವುದಿಲ್ಲ. ತಂತಿ ಹಚ್ಚುವ ಹುಡುಗಿ ನಮ್ಮವಳೇ, ಬಾಗಿ ನಿಂತು ಅಪ್ಪಣೆ ಕೇಳಿದಳು. ಇವನು ಕಣ್ಣು ಮುಚ್ಚಿ ತಲೆ ಕೊಟ್ಟ. ಆ ಗುಂಗುರು ಕೂದಲ ಕಾಡಿನೊಳಗೆ ಅವಳು ಅಂಟು ಹಚ್ಚುತ್ತಾ ಹಚ್ಚುತ್ತಾ ಬೆವರಿದಳು.

ಡಾಕ್ಟರ್ ರೇಣುಕಾ ಪಿಳ್ಳೈ ಪರದೆಯ ಮೇಲೆ ಓಡುವ ಗೆರೆಗಳನ್ನು ತೋರಿಸಿದರು. "ನೋಡಮ್ಮ, ಎಲ್ರ ಮೆದುಳಲ್ಲೂ ಕರೆಂಟ್ ಓಡಾಡ್ತಾನೇ ಇರುತ್ತೆ. ಇವರದ್ದು ಬೇಗ ಹತ್ಕೊಳ್ಳೋ ಮೆದುಳು. ಈ ಚೂಪು ಗೆರೆಗಳು ಕಾಣ್ತಿದಾವಲ್ಲ, ಇವರು ಸುಮ್ನೆ ಮಲ್ಗಿದ್ದಾಗ್ಲೇ ಬಂದಿರೋದು. ಅದೇ ಮಾತ್ರೆ ಬೇರೆಯವರಿಗೆ ಏನೂ ಮಾಡದೇ ಇರಬಹುದು. ಇಂಥೋರಿಗೆ ಫಿಟ್ಸ್ ತರಿಸುತ್ತೆ." ಆಮೇಲೆ ಅವನ ಕಡೆ ತಿರುಗಿ, "ದಿನಾ ಹೇಳ್ದಷ್ಟೇ ತಗೊಂಡ್ರಾ?" ಎಂದರು.

"ಹ್ಞೂಂ," ಎಂದ ಕಮಿನಿಯೇಲಿ.

"ಅಷ್ಟಕ್ಕೇ ಹೀಗಾದ್ರೆ ಈ ಮಾತ್ರೆ ನಿಲ್ಲಿಸ್ಬೇಕಾಗುತ್ತೆ."

ಅವನ ಮುಖ ನೋಡಿದೆ. ಕೇಳಿದವನಿಗೆ ಕೊಟ್ಟದ್ದನ್ನು ಕೊಟ್ಟವನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಕೇಳಿದವನ ಮಾನ ಹೋಗುತ್ತದೆ. ಮಾತ್ರೆ ನಿಂತರೆ ಎಂಜಿನ್‌ನೊಳಗೆ ಅಪ್ಪ ಮರಳಿ ಬರುತ್ತಾನೆಂದು ಅವನಿಗೆ ಗೊತ್ತು. ಆದರೂ ಗೋಡೆ ನೋಡುತ್ತಾ ಕೂತಿದ್ದ. ನನಗೆ ಮೈಯೆಲ್ಲ ಉರಿಯಿತು. ಎಷ್ಟೋ ವರ್ಷಗಳ ಮೇಲೆ ಏನಾದರೂ ಅನ್ನಿಸಿದ್ದು ಆಗಲೇ.

"ಸುಳ್ಳು," ಎಂದೆ. "ನನ್ನಣ್ಣ ವೈಸಾಕೆಗೆ ಕೊಟ್ಟ. ಆಮೇಲೆ ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಿದ."

ಅಣ್ಣನ ತಪ್ಪನ್ನು ಅವನ ಹೆಸರು ಹಿಡಿದು ಪರರ ಮುಂದೆ ಹೇಳಿದ ತಂಗಿ ನಮ್ಮ ಊರಲ್ಲಿ ನಾನೊಬ್ಬಳೇ ಇರಬೇಕು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಮಾತ್ರೆ ಇರ್ಲಿ. ಕಮ್ಮಿ ಮಾಡಿ ಕೊಡ್ತೀನಿ, ಜೊತೆಗೆ ಫಿಟ್ಸ್ ತಡೆಯೋಕೆ ಇನ್ನೊಂದು. ಒಂದು ದಿನ ತಪ್ಪಿದ್ರೆ ಮರುದಿನ ಎರಡು ನುಂಗೋ ಹಾಗಿಲ್ಲ. ಆದ್ರೆ ಈ ಗೆರೆಗಳು ಹಂಗೇ ಇರುತ್ವೆ, ಅದು ಅವರ ಮೆದುಳಿನ ಗುಣ. ಮಕ್ಕಳನ್ನ ಕೂರಿಸ್ಕೊಂಡು ದೋಣಿ ನಡೆಸೋದು ಬೇಡ."

"ಸರಿ," ಎಂದ ಕಮಿನಿಯೇಲಿ.

ಮನೆಗೆ ಬಂದ ಸಂಜೆಯೇ ನಾನು ಅವನೆದುರು ಕುಕ್ಕರಗಾಲಲ್ಲಿ ಕೂತು, ಕೆರೆಕೆರೆ ಕೇಳುವವರ ಹಾಗೆ ಅಂಗೈ ಬಾಗಿಸಿ ಚಪ್ಪಾಳೆ ತಟ್ಟಿದೆ. ಹೆಂಡತಿ ಗಂಡನನ್ನು ಹಾಗೆ ಕೇಳುವುದಿಲ್ಲ. ಆದರೆ ನಾನು ಅವನ ಸೋದರಮಾವನ ಮಗಳೂ ಹೌದು, ಆ ಹಕ್ಕು ಎಲ್ಲಿಗೂ ಹೋಗಿಲ್ಲ.

"ನಿನ್ ಮಾತ್ರೆಗಳೆಲ್ಲ ನಂಗೆ ಬೇಕು. ಕೆರೆಕೆರೆ."

ಅವನು ನನ್ನನ್ನೇ ನೋಡಿದ. ತುಟಿಯ ತುದಿ ಒಂದಿಷ್ಟು ಅಲುಗಿತು. "ಇದೊಂದು ಬಾಕಿ ಇತ್ತು," ಎಂದು ಡಬ್ಬಿ ಕೊಟ್ಟ. ಅಲ್ಲಿಂದ ಮುಂದೆ ಮಾತ್ರೆ ನನ್ನದು, ರಾತ್ರಿ ಊಟದ ಮೇಲೆ ನಾನು ಕೊಟ್ಟದ್ದನ್ನು ಅವನು ನುಂಗುವುದು.

ಕತ್ತಲಾಗುವ ಮೊದಲೇ ವೈಸಾಕೆ ಜಗುಲಿಗೆ ಬಂದ.

"ಭಾವ, ಬದುಕಿದೀಯಾ? ಎರಡೇ ಎರಡು ಕೊಡೋ."

"ನನ್ ಹತ್ರ ಇಲ್ಲ."

"ಸುಳ್ಳು ಹೇಳ್ಬೇಡ. ಸುವಾದಿಂದ ಈಗಷ್ಟೇ ಬಂದ್ಯಲ್ಲ."

"ದೇವರಾಣೆ ಇಲ್ಲ ಕಣೋ. ಎಲ್ಲ ಲೊಸಾನಾದು. ಹೋಗು, ಅವಳ್ನ ಕೇಳು."

ನಾನು ಬಾಗಿಲಿಗೆ ಬೆನ್ನು ಹಾಕಿ ಒಲೆಯ ಮುಂದೆ ಕೂತಿದ್ದೆ. ಅಣ್ಣ ತಂಗಿಯನ್ನು ಕೇಳುವಂತಿಲ್ಲ. ವೈಸಾಕೆ ಕೆಮ್ಮಿದ, ಹೋದ.

ಡಬ್ಬಿ ಕೇಳಿ ಪಡೆದದ್ದು ಸುಲಭವಾಗಿತ್ತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿ. ಎಂಜಿನ್ ಎಳೆಯುವ ಹಗ್ಗ ಮೊಳೆಯ ಮೇಲಿರಲಿಲ್ಲ. ದಡಕ್ಕೆ ಓಡಿದೆ. ಮಕ್ಕಳು ಆಗಲೇ ದೋಣಿಯಲ್ಲಿ ಕೂತಿದ್ದರು, ನಮ್ಮ ಮೂವರೂ ಇದ್ದರು. ಊರಿನ ಯಜಮಾನ ಅಲ್ಲೇ ನಿಂತಿದ್ದ.

"ತಡೀಬಾರ್ದಾ ಅವನ್ನ?" ಎಂದೆ.

"ದೋಣಿ ಅವನ್ದು, ತಾಯಿ. ನಾನ್ಯಾರು?" ಎಂದ ಯಜಮಾನ.

"ಡಾಕ್ಟ್ರಿಗೆ ಸರಿ ಅಂದ್ಯಲ್ಲೋ," ಎಂದು ಗಂಡನನ್ನು ಕೇಳಿದೆ.

"ಅಂದೆ. ಬರ್ತೀನಿ ಅಂತ ಮಕ್ಳಿಗೂ ಅಂದಿದ್ದೆ." ಅವನ ದನಿಯಲ್ಲಿ ಜಗಳವಿರಲಿಲ್ಲ. ಹಗ್ಗ ಆಗಲೇ ಬೆರಳಿಗೆ ಸುತ್ತಿತ್ತು.

ಬೇಡಿಕೊಂಡರೆ ಕೇಳುವವನಲ್ಲ. ಬೈದರೆ ಬಿಡುವವನಲ್ಲ. ನಾನು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಅಂಗೈ ಬಾಗಿಸಿ ಚಪ್ಪಾಳೆ ತಟ್ಟಿದೆ.

"ಸೋದರತ್ತೆ ಮಗನೇ, ನಿನ್ ದೋಣಿ ನಂಗೆ ಬೇಕು. ಎಂಜಿನ್ ಸಮೇತ. ಕೆರೆಕೆರೆ."

ಅವನು ದೋಣಿಯಿಂದ ಕೆಸರಿಗಿಳಿದ. ಆಮೇಲೆ ಹಗ್ಗ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. "ಕೊಟ್ಟೆ," ಎಂದ. ನಾನು ಪಡೆದವರು ತಟ್ಟುವ ಹಾಗೆ ಮತ್ತೆ ಚಪ್ಪಾಳೆ ತಟ್ಟಿದೆ. ಕೈ ನನ್ನದಲ್ಲ ಅನ್ನಿಸಿತು.

ಈಗ ಮಕ್ಕಳನ್ನು ದಾಟಿಸುವವಳು ನಾನು. ಮೊದಮೊದಲು ದೋಣಿಯನ್ನು ದಿಬ್ಬಕ್ಕೆ ಏರಿಸುತ್ತಿದ್ದೆ, ಮಕ್ಕಳು ನಗುತ್ತಿದ್ದರು. ಕಮಿನಿಯೇಲಿ ದಿನವೂ ಬರುತ್ತಾನೆ. ತೇಲುವ ಅಂಗಿ ತೊಟ್ಟು ದೋಣಿಯ ಮೂತಿಯಲ್ಲಿ ನನಗೆ ಬೆನ್ನು ಮಾಡಿ ಕೂರುತ್ತಾನೆ. ದಿಬ್ಬ ಸರಿದಿದ್ದರೆ ಮಾತಾಡದೆ ಎಡಗೈಯನ್ನೋ ಬಲಗೈಯನ್ನೋ ಚಾಚುತ್ತಾನೆ. ನಾನು ಆ ಕಡೆಗೆ ತಿರುಗಿಸುತ್ತೇನೆ. ಅವನು ಮತ್ತೆ ಬಿದ್ದಿಲ್ಲ, ಅಪ್ಪನೂ ಬಂದಿಲ್ಲ. ಒಳಗೆ ಹೇಗಿದೆಯೆಂದು ನಾನೀಗ ಕೇಳುವುದಿಲ್ಲ.

ಅವನು ನನಗೆ ಸೋದರತ್ತೆ ಮಗನಾದರೆ ನಾನು ಅವನಿಗೆ ಸೋದರಮಾವನ ಮಗಳು, ಕೇಳುವ ಹಕ್ಕು ಇಬ್ಬರಿಗೂ ಇದೆ. ನಾನು ಕೇಳಿದಂತೆ ಅವನೂ ಯಾವತ್ತು ಬೇಕಾದರೂ ನನ್ನನ್ನು ಕೇಳಬಹುದು. ಕೇಳಿದರೆ ಇಲ್ಲವೆನ್ನುವಂತಿಲ್ಲ, ಹಗ್ಗವನ್ನು ಅವನ ಕೈಗೆ ಕೊಡಲೇಬೇಕು. ಇದು ಅವನಿಗೆ ಗೊತ್ತು. ಪ್ರತಿ ಬೆಳಿಗ್ಗೆ ಎಂಜಿನ್ ಎಳೆಯುವ ಮೊದಲು ಅವನ ಬೆನ್ನು ನೋಡುತ್ತಾ ಒಂದು ಗಳಿಗೆ ಕಾಯುತ್ತೇನೆ. ಅವನು ಇನ್ನೂ ಕೇಳಿಲ್ಲ.