ಗಾಡಿ ಇಲ್ಲದ ಶುಕ್ರವಾರ

ದುಬೈಯಲ್ಲಿ ನಡೆದುಕೊಂಡು ಹೋಗುವವರನ್ನು ಕಂಡರೆ ಜನರಿಗೆ ಕನಿಕರ ಹುಟ್ಟುತ್ತದೆ. ಒಮ್ಮೆ ಊದ್ ಮೇಥಾದ ನಮ್ಮ ಮನೆಯಿಂದ ಮೂಲೆಯ ಗ್ರೋಸರಿಗೆ ಕೊತ್ತಂಬರಿ ಸೊಪ್ಪು ತರಲು ಹೊರಟಿದ್ದೆ. ನಮ್ಮ ಊರ ಕಡೆಯ, ಕಟಪಾಡಿಯ ಶೇಖರಣ್ಣ ತಮ್ಮ ಕಾರನ್ನು ಪಕ್ಕಕ್ಕೆ ತಂದು ಗಾಜು ಇಳಿಸಿ, "ಎಂತ ಮಾರಾಯ್ರೆ, ಗಾಡಿ ಹಾಳಾಯ್ತಾ? ಬನ್ನಿ, ಕೂತ್ಕೊಳ್ಳಿ" ಎಂದರು. ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗಿ ಹತ್ತಿ ಕೂತೆ. ಗ್ರೋಸರಿಯ ಎದುರು ಇಳಿಸುವಾಗ ಅವರು, ರಾಸ್ ಅಲ್ ಖೋರಿನಲ್ಲಿ ಪರಿಚಯದ ಮೆಕ್ಯಾನಿಕ್ ಇದ್ದಾನೆ, ಬೇಕಾದರೆ ಫೋನ್ ಮಾಡಿ ಎಂದೂ ಹೇಳಿದರು. ನಮ್ಮ ಗಾಡಿಯಾದರೋ ಕಟ್ಟಡದ ಹಿಂದೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತ್ತು. ಅಂಥ ಒಳ್ಳೆಯ ಪಾರ್ಕಿಂಗ್ ಸಿಕ್ಕಿದ್ದರಿಂದಲೇ ಅದನ್ನು ಅಲ್ಲಾಡಿಸಲು ಮನಸ್ಸು ಬಾರದೆ ನಾನು ನಡೆದು ಹೊರಟದ್ದು.

ಪಾರ್ಕಿಂಗ್ ಎಂಬುದು ನಮ್ಮ ಸಂಸಾರದಲ್ಲಿ ಎಷ್ಟು ದೊಡ್ಡ ವಿಷಯ ಎಂದು ನಿಮಗೆ ಹೇಳಬೇಕು. ನನ್ನ ಹೆಂಡತಿ ಹಿಲ್ಡಾ ಆಸ್ಪತ್ರೆಯಲ್ಲಿ ನರ್ಸ್. ಬಹುಪಾಲು ನೈಟ್ ಡ್ಯೂಟಿ. ನಾನು ಸಿಲಿಕಾನ್ ಓಯಸಿಸ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವ, ಹಗಲಿನ ಪ್ರಾಣಿ. ನಮ್ಮಿಬ್ಬರಿಗೂ ಇರುವುದು ಒಂದೇ ಗಾಡಿ. ಬೆಳಿಗ್ಗೆ ಅವಳು ಬಂದು ಬಾಗಿಲಲ್ಲಿ ಶೂ ಬಿಚ್ಚುವಾಗ ನಾನು ಅದೇ ಬಾಗಿಲಲ್ಲಿ ಶೂ ಹಾಕುತ್ತಿರುತ್ತೇನೆ. ಅವಳ ಕೈಯಿಂದ ಕೀಲಿ ನನ್ನ ಕೈಗೆ ಬರುತ್ತದೆ. "ಗಾಡಿ ಹಿಂದಿನ ಸಾಲಲ್ಲಿ ಉಂಟು, ಪೆಟ್ರೋಲ್ ಕಡಿಮೆ, ನಿಧಾನ ಹೋಗಿ" ಎಂದು ಅವಳು ಹೇಳುತ್ತಾಳೆ. "ಅನ್ನ ಕುಕ್ಕರಿನಲ್ಲಿ ಉಂಟು, ಮೀನು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ" ಎಂದು ನಾನು ಹೇಳುತ್ತೇನೆ. ಸಂಜೆ ಇದೇ ಸಂಭಾಷಣೆ ತಲೆಕೆಳಗಾಗಿ ನಡೆಯುತ್ತದೆ. ಮನೆಯಲ್ಲಿ ನಮ್ಮದು ಕೊಂಕಣಿ. ಇಲ್ಲಿ ನಿಮ್ಮ ಸಲುವಾಗಿ ಹಿಲ್ಡಾಳ ಬಾಯಲ್ಲಿ ನಮ್ಮೂರು ಶಿರ್ವದ ಕನ್ನಡ ಇಟ್ಟಿದ್ದೇನೆ. ಅವಳಿಗೆ ಹೇಳಬೇಡಿ.

ಈ ಬಾಗಿಲ ಸಂಸಾರವನ್ನು ನೋಡುತ್ತಲೇ ಬೆಳೆದ ಮಗಳು ಅನಿಶಾ ಒಂದು ದಿನ ಊಟದ ಮೇಜಿನಲ್ಲಿ ಚಮಚ ಕೆಳಗಿಟ್ಟು, "ಪಪ್ಪಾ, ಯು ಗೈಸ್ ನೆವರ್ ಟಾಕ್" ಎಂದಳು. ಮಾತಾಡುತ್ತೇವಲ್ಲ ಎಂದೆ. "ದಟ್ಸ್ ನಾಟ್ ಟಾಕಿಂಗ್. ದಟ್ಸ್ ಪಾರ್ಕಿಂಗ್ ಆ್ಯಂಡ್ ಫಿಶ್" ಎಂದಳು. ನಾನು ನಕ್ಕುಬಿಟ್ಟೆ. ಹಿಲ್ಡಾ ನಗಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಆ ಹೊತ್ತಿನಲ್ಲಿ ನನಗೂ ಒಳಗೆ ಎಲ್ಲೋ ಚುಚ್ಚಿತು.

ಆ ವರ್ಷ ನಮ್ಮ ಮದುವೆಯ ಬೆಳ್ಳಿಹಬ್ಬ. ನಮ್ಮ ಕಥೋಲಿಕರಲ್ಲಿ ಬೆಳ್ಳಿಹಬ್ಬ ಎಂದರೆ ಎರಡನೆಯ ಮದುವೆಯೇ ಸೈ. ಚರ್ಚಿನಲ್ಲಿ, ನಮ್ಮ ಬಾಯಲ್ಲಿ ಇಗರ್ಜಿಯಲ್ಲಿ, ಪೂಜೆ, ಆಮೇಲೆ ಬಾಡಿಗೆ ಹಾಲ್‌ನಲ್ಲಿ ಕೇಕು, ಗ್ಲಾಸು ಎತ್ತಿ ಟೋಸ್ಟು, ಮೈಕು ಹಿಡಿದು ಗಂಡ-ಹೆಂಡಿರನ್ನು ಹೊಗಳಿ ಕರಗಿಸಿ ನೀರು ಮಾಡುವ ಒಬ್ಬ ನಿರೂಪಕ. ಹಿಲ್ಡಾ ಕೈ ಮುಗಿದಳು. "ಹಾಲ್ ಬೇಡ, ಕೇಕ್ ಬೇಡ. ಆ ದಿನ ನಾವು ಇಬ್ರೂ ಒಟ್ಟಿಗೆ ಕೂತು ಒಂದು ಪೂಜೆ ಕೇಳ್ಬೇಕು. ಇಷ್ಟು ವರ್ಷದಲ್ಲಿ ಆ ದಿನ ಒಂದು ಸಲವೂ ಆಗ್ಲಿಲ್ಲ. ನನಗೆ ಅಷ್ಟು ಸಾಕು" ಎಂದಳು. ನಿಜವೇ. ಒಮ್ಮೆ ಅವಳ ಡ್ಯೂಟಿ, ಒಮ್ಮೆ ನನ್ನ ಆಡಿಟ್, ಒಮ್ಮೆ ಮಗಳಿಗೆ ಜ್ವರ. ಅನಿಶಾ ತನ್ನ ಮೊದಲ ಸಂಬಳದಲ್ಲಿ ನಮ್ಮನ್ನು ಇಟಲಿಗೆ ಕಳಿಸುವುದೆಂದು ತೀರ್ಮಾನಿಸಿದಳು. ಸರೋವರದ ದಂಡೆಯ ಒಂದು ಹಳ್ಳಿಯನ್ನು ಮೊಬೈಲಿನಲ್ಲಿ ತೋರಿಸಿ, "ನೋ ಕಾರ್ಸ್ ಅಲೌಡ್ ಇನ್ಸೈಡ್, ಪಪ್ಪಾ. ಯು ಹ್ಯಾವ್ ಟು ವಾಕ್" ಎಂದಳು. ಬೆಳ್ಳಿಹಬ್ಬದ ದಿನವನ್ನು ಅಲ್ಲೇ ಕಳೆಯುವುದೆಂದಾಯಿತು. ಕ್ಯಾಲೆಂಡರ್ ನೋಡಿದರೆ ಆ ದಿನ ಶುಕ್ರವಾರ. ಹಿಲ್ಡಾಳ ಮುಖ ಅರಳಿತು. "ಶುಕ್ರವಾರವಾ? ಹಾಗಾದ್ರೆ ಪೂಜೆಗೆ ತೊಂದರೆಯೇ ಇಲ್ಲ" ಎಂದಳು. ನಾನೂ ಹೌದು ಹೌದು ಎಂದು ತಲೆಯಾಡಿಸಿದೆ. ಈ ತಲೆಯಾಟವನ್ನು ನೆನಪಿಟ್ಟುಕೊಳ್ಳಿ.

ಹಳ್ಳಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದಾಗಲೆಲ್ಲ ಹಿಲ್ಡಾ ಉಚ್ಚಾರ ತಿದ್ದುತ್ತಾಳೆ, ಅನಿಶಾ ಹಿಲ್ಡಾಳದ್ದನ್ನು ತಿದ್ದುತ್ತಾಳೆ. ಆ ಶುಕ್ರವಾರ ಬೆಳಿಗ್ಗೆ ಅಲ್ಲಿ ದೋಣಿಯಿಂದ ಇಳಿದೆವು. ಹಿಲ್ಡಾ ಬೆಳ್ಳಿಹಬ್ಬಕ್ಕೆಂದು ತಂದ ಬೂದು ರೇಷ್ಮೆ ಸೀರೆ ಉಟ್ಟು, ಕೆಳಗೆ ಆಸ್ಪತ್ರೆಯ ಬಿಳಿ ಶೂ ಹಾಕಿದ್ದಳು. "ಕಲ್ಲಿನ ದಾರಿಯಂತೆ. ಚಪ್ಪಲಿ ಹಾಕಿ ಕಾಲು ಉಳುಕಿದ್ರೆ ನನ್ನನ್ನು ನೋಡುವ ನರ್ಸ್ ಇಲ್ಲಿ ಯಾರಿದ್ದಾರೆ?" ಎಂಬುದು ಅವಳ ವಾದ. ಸರೋವರದ ನೀರಿಗೆ ಕೈ ಅದ್ದಿ ಬೆರಳನ್ನು ನಾಲಿಗೆಗೆ ಮುಟ್ಟಿಸಿ, "ಸಪ್ಪೆ" ಎಂದು ತೀರ್ಪು ಕೊಟ್ಟಳು. ಕಡಲ ಮಕ್ಕಳಿಗೆ ಉಪ್ಪಿಲ್ಲದ ಇಷ್ಟು ದೊಡ್ಡ ನೀರು ಅಷ್ಟು ಸುಲಭದಲ್ಲಿ ಒಪ್ಪಿಗೆಯಾಗುವುದಿಲ್ಲ.

ನಡೆಯಲು ತೊಡಗಿದ ಮೇಲೆ ಗೊತ್ತಾಯಿತು, ನಮಗೆ ಒಟ್ಟಿಗೆ ನಡೆಯಲು ಬರುವುದಿಲ್ಲ. ಹಿಲ್ಡಾಳದ್ದು ವಾರ್ಡಿನ ನಡಿಗೆ. ಯಾವುದೋ ಮಂಚದಲ್ಲಿ ಯಾರೋ ಗಂಟೆ ಒತ್ತಿದ ಹಾಗೆ ಮುಂದೆ ಧಾವಿಸುತ್ತಾಳೆ. ನನ್ನದು ಬಾಗಿಲಿನಿಂದ ಗಾಡಿಯವರೆಗಿನ ನಡಿಗೆ. ಸ್ವಲ್ಪ ಹೊತ್ತಾದರೆ ಕಾಲುಗಳು ಗಾಡಿ ಎಲ್ಲಿ ಎಂದು ಕೇಳುತ್ತವೆ. ಎರಡೂ ಕೈ ಚಾಚಿದರೆ ಎರಡು ಮನೆಗಳ ಗೋಡೆ ಮುಟ್ಟುವಷ್ಟು ಕಿರಿದಾದ ಓಣಿಗಳಲ್ಲಿ ಅವಳು ಮೇಲಿನ ತಿರುವಿನಲ್ಲಿ, ನಾನು ಕೆಳಗಿನ ತಿರುವಿನಲ್ಲಿ. ಓಣಿಯೊಂದು ಚೊಕ್ಕವಾದ ಖಾಲಿ ಚೌಕಕ್ಕೆ ಬಂದು ತೆರೆದುಕೊಂಡಾಗ ನನ್ನ ಬಾಯಿಂದ ತಾನಾಗಿ ಹೊರಟದ್ದು, "ಅಬ್ಬಾ, ಎಂಥ ಪಾರ್ಕಿಂಗ್!" ಎಂಬ ಉದ್ಗಾರ. ಚೌಕದ ನಡುವೆ ಶತಮಾನಗಳಷ್ಟು ಹಳೆಯ ಕಾರಂಜಿ ಇತ್ತು. ಅದನ್ನು ನಾನು ಆಮೇಲೆ ನೋಡಿದೆ.

ಹಿಲ್ಡಾ ನಿಂತದ್ದು ಒಂದೇ ಕಡೆ. ಕೇಸರಿ ಬಣ್ಣದ ಮನೆಯೊಂದರ ಕಿಟಕಿಯಿಂದ ಎದುರು ಮನೆಯ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಚಾದರ, ಅಂಗಿ, ಒಂದು ಜೋಡಿ ಕಾಲುಚೀಲ. ನಮ್ಮ ಕಟ್ಟಡದಲ್ಲಿ ಬಾಲ್ಕನಿಯಲ್ಲಿ ಒಂದು ಟವೆಲ್ ತೂಗುಹಾಕಿದರೂ ವಾಚ್‌ಮನ್ ಬಂದು ಬಾಗಿಲು ತಟ್ಟುತ್ತಾನೆ. ಅಷ್ಟೊಂದು ಬಿಸಿಲಿರುವ ಊರಿನಲ್ಲಿ ನಾವು ಬಟ್ಟೆಯನ್ನು ಮನೆಯೊಳಗೆ ಏಸಿಯಲ್ಲಿ ಒಣಗಿಸುತ್ತೇವೆ. "ಬಿಸಿಲಿನ ಪರಿಮಳ ನೋಡಿ" ಎಂದು ಅವಳು ಮೂಗು ಮೇಲೆತ್ತಿ ನಿಂತಳು. ನನಗೆ ಸಾಬೂನಿನ ವಾಸನೆ ಬಂತು. ಆದರೂ ಹೌದೆಂದೆ.

ಊಟದ ಹೊತ್ತಿಗೆ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ನಮ್ಮ ದುಬೈಯ ದೇರಾ ಪೇಟೆಯ ಹಳೆಯ ಅಂಗಡಿಗಳೂ ನಡುಮಧ್ಯಾಹ್ನ ಮುಚ್ಚುವುದರಿಂದ ನಮಗೆ ಆಶ್ಚರ್ಯವಾಗಲಿಲ್ಲ. ನಿದ್ದೆಯ ವಿಷಯದಲ್ಲಿ ಲೋಕವೆಲ್ಲ ಒಂದೇ. ತೆರೆದಿದ್ದ ಒಂದೇ ಊಟದ ಮನೆಯಲ್ಲಿ ಕೈಸನ್ನೆಯಿಂದ ಮೀನು ಕೇಳಿದೆವು. ತಟ್ಟೆಯಲ್ಲಿ ಬಂದದ್ದನ್ನು ಹಿಲ್ಡಾ ಮೂಸಿ ನೋಡಿದಳು, ಕಣ್ಣು ದೊಡ್ಡದು ಮಾಡಿದಳು. ಸರೋವರದ ಮೀನನ್ನು ಬಿಸಿಲಿಗೆ ಒಣಗಿಸಿ ಕೆಂಡದಲ್ಲಿ ಸುಟ್ಟು ಕೊಟ್ಟಿದ್ದರು. ಒಣಮೀನು! ದುಬೈಯಲ್ಲಿ ಒಣಮೀನು ಹುರಿಯಬೇಕಾದರೆ ನಾವು ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಳ್ಳಭಟ್ಟಿ ಕಾಯಿಸುವವರ ಹಾಗೆ ಹುರಿಯುತ್ತೇವೆ. ಇಲ್ಲಿ ಬಿಳಿ ಮೇಜುಬಟ್ಟೆ ಹಾಸಿ ಬಡಿಸುತ್ತಾರೆ. "ಅಮ್ಮ ಇದ್ದಿದ್ರೆ ಇದಕ್ಕೆ ಒಂದು ಚೂರು ಹುಳಿ ಹಾಕಿ ಚಟ್ನಿ ಅರೆಯುತ್ತಿದ್ರು" ಎಂದು ಹಿಲ್ಡಾ ಹೇಳಿದಳು. ಹಾಗೆ ಹೇಳುತ್ತ ಹೇಳುತ್ತ ತನ್ನ ತಾಯಿ ಮಳೆಗಾಲಕ್ಕೆಂದು ಒಣಮೀನು ಕಟ್ಟಿಡುತ್ತಿದ್ದ ಮಣ್ಣಿನ ಮಡಕೆ, ಅದಕ್ಕೆ ಕಾವಲು ಕೂತ ಬೆಕ್ಕು, ಆ ಬೆಕ್ಕಿಗೇ ಕಾವಲು ಕೂತ ತಾನು, ಎಲ್ಲವನ್ನೂ ಹೇಳಿದಳು. ಇಷ್ಟು ವರ್ಷ ಅವಳೊಂದಿಗೆ ಇದ್ದೂ ಆ ಬೆಕ್ಕಿನ ಸುದ್ದಿ ನನಗೆ ಗೊತ್ತಿರಲಿಲ್ಲ.

ಸಂಜೆ ಇಗರ್ಜಿಗೆ ಹೊರಟೆವು. ಅದು ಹಳ್ಳಿಯ ನೆತ್ತಿಯ ಮೇಲೆ, ಮೆಟ್ಟಿಲು ಹತ್ತಿ ಹೋಗಬೇಕು. ಪೂಜೆಗೆ ತಡವಾದೀತೆಂದು ಹಿಲ್ಡಾ ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದೆ, ಮೊಣಕಾಲು ಹಿಡಿದು ನಾನು ಹಿಂದೆ. ಮೇಲೆ ತಲುಪಿದಾಗ ಅಲ್ಲಿ ಯಾರೂ ಇರಲಿಲ್ಲ. ಬಾಗಿಲಿಗೆ ಬೀಗ. ಅಂಗಳದಲ್ಲಿ ಒಬ್ಬ ಮುದುಕಿ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದಳು. ಹಿಲ್ಡಾ ಕೈ ಮುಗಿದು, ಶಿಲುಬೆ ಗುರುತು ಮಾಡಿ, ಬಾಗಿಲು ತೋರಿಸಿದಳು. ಮುದುಕಿಗೆ ತಕ್ಷಣ ಅರ್ಥವಾಯಿತು. ತಲೆ ಅಲ್ಲಾಡಿಸಿ, ಬಾಗಿಲಿಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು, ಬೆರಳನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಹಾರಿಸಿ ತೋರಿಸಿದಳು. ನಾಳೆಯಲ್ಲ, ನಾಳಿದ್ದು.

ನಾಳಿದ್ದು ಭಾನುವಾರ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ನೀವು ಊರಿನಲ್ಲಿರುವವರು, ನಿಮಗೆ ನಗು ಬರಬಹುದು. ಕ್ರೈಸ್ತರಾಗಿ ಹುಟ್ಟಿ ಪೂಜೆಯ ವಾರ ಯಾವುದೆಂದು ಮರೆತವರು ಉಂಟೇ ಎಂದು ಕೇಳಬಹುದು. ಆಗಿನ್ನೂ ಕೊಲ್ಲಿಯಲ್ಲಿ ಶುಕ್ರವಾರ ರಜೆ, ಭಾನುವಾರ ಆಫೀಸು. ಹಾಗಾಗಿ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ. ಊದ್ ಮೇಥಾದ ಇಗರ್ಜಿಯಲ್ಲಿ ಆ ದಿನ ಬೆಳಗಿನಿಂದ ಜನಸಾಗರ, ಒಂದು ಭಾಷೆಯವರು ಹೊರಬರುವಾಗ ಇನ್ನೊಂದು ಭಾಷೆಯವರು ಒಳಗೆ ಹೋಗುತ್ತಾರೆ. ಯಾವ ಹೊತ್ತಿಗೆ ಹೋದರೂ ಒಂದು ಪೂಜೆ ಸಿಕ್ಕೇ ಸಿಗುತ್ತದೆ. ಹೀಗೆ ಬದುಕಿ ಬದುಕಿ ನಾವು ವಾರವನ್ನೇ ತಿರುಗಿಸಿಕೊಂಡು ಬಿಟ್ಟಿದ್ದೆವು. ಫಾದರ್ ಭಾನುವಾರಕ್ಕೊಮ್ಮೆ ಮಾತ್ರ ಬರುವ ಹಳ್ಳಿಗೆ ಬಂದು, ಶುಕ್ರವಾರ ಬೀಗದ ಎದುರು ರೇಷ್ಮೆ ಸೀರೆ ಉಟ್ಟು ನಿಲ್ಲುವುದು ಕೊಲ್ಲಿಯವರಿಗೆ ಮಾತ್ರ ಸಾಧ್ಯ. ಭಾನುವಾರ ಬೆಳಿಗ್ಗೆ ನಮ್ಮ ವಿಮಾನವಿತ್ತು.

ಹಿಲ್ಡಾ ಇಗರ್ಜಿಯ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು. "ಒಂದೇ ಒಂದು ಕೇಳಿದ್ದೆ ಮಾರಾಯ್ರೆ" ಎಂದಳು. ಆಮೇಲೆ ಅಳತೊಡಗಿದಳು. ಎಷ್ಟೋ ಜನರ ಸಾವನ್ನು ಕಣ್ಣೆದುರು ನೋಡಿಯೂ ಡ್ಯೂಟಿಯಲ್ಲಿ ಅಳದವಳು. "ಅನಿಶಾ ಹೇಳಿದ್ದು ಸರಿಯೇ. ನಮಗೆ ಒಟ್ಟಿಗೆ ಇರ್ಲಿಕ್ಕೇ ಗೊತ್ತಿಲ್ಲ. ನಿಮ್ಮ ಹಗಲು ನಿಮಗೆ, ನನ್ನ ರಾತ್ರಿ ನನಗೆ. ಇದರಲ್ಲಿ ಮದುವೆ ಎಲ್ಲಿ ಉಂಟು?" ಎಂದಳು. ನಾನೂ ಪಕ್ಕದಲ್ಲಿ ಕುಳಿತೆ. ಸಮಾಧಾನದ ಮಾತು ನನಗೆ ಬರುವುದಿಲ್ಲ, ಅಂಕಿಗಳನ್ನು ನೋಡುವವನ ಬಾಯಿಗೆ ಅದು ಎಲ್ಲಿಂದ ಬರಬೇಕು? ಆದರೆ ಸುಮ್ಮನೆ ಕೂರಲೂ ಆಗಲಿಲ್ಲ. ಎದ್ದು ಅವಳ ಎದುರು ನಿಂತು, ಬಲಗೈ ಹಿಡಿದುಕೊಂಡು, "ಫಾದರ್ ಇಲ್ಲದಿದ್ರೆ ಎಂತ, ನಾವು ಇದ್ದೇವಲ್ಲ" ಎಂದೆ. ಶಿರ್ವದ ಇಗರ್ಜಿಯಲ್ಲಿ ಮದುವೆಯ ದಿನ ಹೇಳಿದ ಮಾತನ್ನು ಶುರುಮಾಡಿದೆ. "ಸುಖದಲ್ಲಿ, ದುಃಖದಲ್ಲಿ, ಆರೋಗ್ಯದಲ್ಲಿ, ಅನಾರೋಗ್ಯದಲ್ಲಿ..."

ಅಲ್ಲಿಗೆ ಮುಗಿಯಿತು. ಮುಂದಿನದ್ದು ನೆನಪಿಗೆ ಬರಲಿಲ್ಲ. ಮುದುಕಿ ನೀರಿನ ಕ್ಯಾನ್ ಹಿಡಿದು ನೋಡುತ್ತಿದ್ದಾಳೆ, ಹಿಲ್ಡಾ ಕಣ್ಣೊರೆಸಿಕೊಂಡು ಕಾಯುತ್ತಿದ್ದಾಳೆ. ತಡವರಿಸಿದಾಗ ನಾಲಿಗೆ ತನಗೆ ರೂಢಿಯಾದ ದಾರಿ ಹಿಡಿಯಿತು. "ಅನ್ನ ಕುಕ್ಕರಿನಲ್ಲಿ ಉಂಟು" ಎಂದುಬಿಟ್ಟೆ.

ಅವಳಿಗೆ ನಗು ಬಂತು, ಅಳು ಇನ್ನೂ ಹೋಗಿರಲಿಲ್ಲ. "ಮೀನು?" ಎಂದು ಕೇಳಿದಳು.

"ಕೆಳಗಿನ ತಟ್ಟೆಯಲ್ಲಿ."

"ಗಾಡಿ ಹಿಂದಿನ ಸಾಲಲ್ಲಿ ಉಂಟು. ನಿಧಾನ ಹೋಗಿ" ಎಂದಳು. ಎಂದವಳು ನನ್ನ ಕೈ ಬಿಡಲಿಲ್ಲ.

"ನಿಧಾನ ಹೋಗಿ" ಎಂಬುದನ್ನು ಅವಳು ದಿನಾ ಹೇಳುತ್ತಿದ್ದಳು. ನಾನು ಅದನ್ನು ಪೆಟ್ರೋಲಿನ ಸುದ್ದಿಯ ಬಾಲವೆಂದು ತಿಳಿದಿದ್ದೆ. ರಾತ್ರಿಯಿಡೀ ನಿಂತು ಬಂದವಳು ಬೆಳಿಗ್ಗೆ ನನ್ನ ಜೀವದ ಬಗ್ಗೆ ಒಂದು ಮಾತು ಹೇಳದೆ ಮಲಗಿದ್ದಿಲ್ಲ. ಅವಳಿಗೆ ಬಿಸಿ ಅನ್ನ ಇಲ್ಲದೆ ನಾನೂ ಬಾಗಿಲು ದಾಟಿದ್ದಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ, ಹೇಗೆ ಹೇಳಿದೆನೋ ಗೊತ್ತಿಲ್ಲ. ಮುದುಕಿ ಬಂದು ಸೀರೆಯ ಸೆರಗನ್ನು ಮುಟ್ಟಿ ನೋಡಿ, ಕುಂಡದಿಂದ ಒಂದು ಕೆಂಪು ಹೂ ಕಿತ್ತು ಹಿಲ್ಡಾಳ ಕೈಗಿಟ್ಟಳು. ಇಳಿಯುವಾಗ ಹಿಲ್ಡಾ ಓಡಲಿಲ್ಲ. ದೋಣಿ ತಪ್ಪೀತೆಂದು ನಾನೇ ಅವಸರ ಮಾಡಬೇಕಾಯಿತು.

ದುಬೈಗೆ ಮರಳಿದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಮನೆಯಿಂದ ಇಗರ್ಜಿ ಕೂಗಳತೆಯಲ್ಲಿದೆ. ಅಷ್ಟು ದೂರಕ್ಕೆ ಪ್ರತಿ ಶುಕ್ರವಾರ ನಾವು ಗಾಡಿ ತೆಗೆದು, ಅಲ್ಲಿ ಪಾರ್ಕಿಂಗ್ ಹುಡುಕಿ ಹುಡುಕಿ ಬೈದಾಡಿಕೊಂಡು, ಅರ್ಧ ಪೂಜೆಗೆ ತಲುಪಿ, ಮರಳಿ ಬಂದಾಗ ಮನೆಯ ಹಿಂದಿನ ಜಾಗವನ್ನೂ ಕಳೆದುಕೊಳ್ಳುತ್ತಿದ್ದೆವು. ಮುಂದಿನ ಶುಕ್ರವಾರ ಗಾಡಿಯನ್ನು ಅದರ ಪಾಡಿಗೆ ಬಿಟ್ಟು ನಡೆದು ಹೊರಟೆವು. ಹಿಲ್ಡಾ ಆ ಬೆಕ್ಕಿನ ಕಥೆಯ ಉಳಿದ ಭಾಗ ಹೇಳುತ್ತಿದ್ದಳು. ಹಿಂದಿನಿಂದ ಒಂದು ಕಾರು ನಿಧಾನವಾಗಿ ಬಂದು ಪಕ್ಕದಲ್ಲಿ ನಿಂತಿತು. ಗಾಜು ಇಳಿಯಿತು, ಒಳಗೆ ಶೇಖರಣ್ಣ.

"ಎಂತ ಮಾರಾಯ್ರೆ, ಪುನಃ ಗಾಡಿ ಹಾಳಾಯ್ತಾ? ಬನ್ನಿ ಬನ್ನಿ, ಇಬ್ರೂ ಕೂತ್ಕೊಳ್ಳಿ."

ನಾನು ಹಳೆಯ ಅಭ್ಯಾಸದಂತೆ ಬಾಗಿಲಿಗೆ ಕೈ ಹಾಕಿದೆ. ಹಿಲ್ಡಾ ನನ್ನ ಕೈ ಹಿಡಿದು ಹಿಂದಕ್ಕೆಳೆದಳು.

"ಗಾಡಿಗೆ ಎಂತ ಆಗ್ಲಿಲ್ಲ ಶೇಖರಣ್ಣ" ಎಂದಳು. "ನಾವು ಮಾತಾಡ್ತಾ ಇದ್ದೇವೆ. ನೀವು ಹೋಗಿ."